ಗುಳ್ಳೆಯ ಆಳವನ್ನು ಅರಸುವ ಬೆಳಕು

ಚರ್ಮದ ಮೇಲೆ ಏಳುವ ಗುಳ್ಳೆಗಳೆಲ್ಲವೂ ಒಂದೇ ಬಗೆಯವಲ್ಲ. ಸೋಂಕಿನಿಂದಲೋ ಸುಟ್ಟುದರಿಂದಲೋ ಏಳುವುವು ಕೆಲವು. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ಚರ್ಮದ ಮೇಲೆ ತಿರುಗಿಬಿದ್ದಾಗ ಏಳುವುವು ಮತ್ತೆ ಕೆಲವು. ಈ ಎರಡನೆಯ ವರ್ಗದಲ್ಲಿ ಪೆಂಫಿಗಸ್ ಮತ್ತು ಪೆಂಫಿಗಾಯ್ಡ್ ಎಂಬ ರೋಗಗಳು ಮುಖ್ಯವಾದುವು. ಇವೆರಡೂ ಬೇರೆಬೇರೆಯೆಂಬುದನ್ನು 1953ರಲ್ಲಿ ವಾಲ್ಟರ್ ಲೀವರ್ ಎಂಬ ವಿದ್ವಾಂಸರು ಸ್ಪಷ್ಟಪಡಿಸಿದರು.

ವ್ಯತ್ಯಾಸವಿರುವುದು ಬಿರುಕಿನ ಆಳದಲ್ಲಿ. ಪೆಂಫಿಗಸ್ಸಿನಲ್ಲಿ, ಹೊರಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ಪ್ರತಿಕಾಯಗಳು ಎರಗುತ್ತವೆ. ಕೋಶಗಳು ಬಿಡಿಬಿಡಿಯಾಗಿ ಹೊರಚರ್ಮದೊಳಗೇ ಬಿರುಕುಂಟಾಗುತ್ತದೆ; ಹೊದಿಕೆ ತೆಳುವಾದುದರಿಂದ ಗುಳ್ಳೆ ಬೇಗನೆ ಒಡೆದು ಹಸಿಗಾಯವಾಗುತ್ತದೆ. ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಪೆಂಫಿಗಾಯ್ಡಿನಲ್ಲಾದರೋ, ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸಿರುವ ಬಂಧವೇ ಸಡಿಲಗೊಳ್ಳುತ್ತದೆ. ಗುಳ್ಳೆ ಬಿಗಿಯಾಗಿ ನಿಲ್ಲುತ್ತದೆ.

ಈ ಭೇದವು ಬರಿಯ ಪಾಂಡಿತ್ಯದ ವಿಷಯವಲ್ಲ. ಪೆಂಫಿಗಸ್ ವಲ್ಗಾರಿಸ್ ರೋಗಕ್ಕೆ ತಕ್ಕ ಚಿಕಿತ್ಸೆ ದೊರೆಯದಿದ್ದಲ್ಲಿ ಪ್ರಾಣಾಪಾಯವುಂಟು. ನುಂಗುವ ಸ್ಟಿರಾಯ್ಡ್, ರಿಟುಕ್ಸಿಮ್ಯಾಬ್ ಮುಂತಾದ ತೀಕ್ಷ್ಣ ಔಷಧಗಳು ಅದಕ್ಕೆ ಬೇಕಾಗುತ್ತವೆ. ಆದರೆ ವ್ಯಾಪಕವಾಗಿ ಹರಡಿದ ಪೆಂಫಿಗಾಯ್ಡಿನಲ್ಲಿ ನುಂಗುವ ಸ್ಟಿರಾಯ್ಡಿಗಿಂತ ಮೇಲೆ ಹಚ್ಚುವ ಪ್ರಬಲ ಮುಲಾಮಿನಿಂದಲೇ ಹೆಚ್ಚು ಮಂದಿ ಬದುಕುಳಿದರೆಂದು 2002ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು. ರೋಗವನ್ನು ತಪ್ಪಾಗಿ ಗುರುತಿಸಿದರೆ ತೆರಬೇಕಾದ ಬೆಲೆ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

ಚರ್ಮದ ಚೂರನ್ನು ಕತ್ತರಿಸಿ ಪರೀಕ್ಷಿಸುವುದು ರೂಢಿಯ ಮಾರ್ಗ. ಇದರಿಂದ ನೋವುಂಟು, ಕಲೆಯುಳಿಯುತ್ತದೆ, ಫಲಿತಾಂಶಕ್ಕೆ ಕಾಯಬೇಕಾಗುತ್ತದೆ. ಕತ್ತರಿಸದೆ ನೋಡುವ ಉಪಾಯಗಳೂ ಉಂಟು. ಕಾನ್ಫೋಕಲ್ ಸೂಕ್ಷ್ಮದರ್ಶಕವು ಕ್ಷೀಣವಾದ ಅವಕೆಂಪು ಲೇಸರ್ ಕಿರಣವನ್ನು ಚರ್ಮಕ್ಕೆ ಹಾಯಿಸಿ, ಒಂದೇ ಪದರದಿಂದ ಹಿಂದಿರುಗಿದ ಬೆಳಕನ್ನು ಮಾತ್ರ ಸೂಜಿಮೊನೆಯಂಥ ರಂಧ್ರದ ಮೂಲಕ ಆರಿಸಿಕೊಳ್ಳುತ್ತದೆ. ಸುಮಾರು 0.2 ಮಿಲಿಮೀಟರ್ ಆಳದವರೆಗೆ ಬಿಡಿಬಿಡಿ ಕೋಶಗಳು ಕಾಣುತ್ತವೆ. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಓಸಿಟಿ ಎಂಬ ವಿಧಾನವು ಒಂದೆರಡು ಮಿಲಿಮೀಟರ್ ಆಳದವರೆಗೆ ಅಡ್ಡಕೊಯ್ತದಂಥ ಚಿತ್ರವನ್ನು ಕೊಡುತ್ತದೆ. ಸೂಕ್ಷ್ಮತೆ ಮಾತ್ರ ಕಡಿಮೆ.

ಬಿರುಕು ಯಾವ ಮಟ್ಟದಲ್ಲಿದೆಯೆಂಬುದನ್ನು ಇವು ಹಾಸಿಗೆಯ ಬಳಿಯಲ್ಲಿಯೇ ಸೂಚಿಸಬಲ್ಲವು. ಚೂರನ್ನು ಎಲ್ಲಿಂದ ತೆಗೆಯಬೇಕೆಂಬುದಕ್ಕೂ ದಾರಿ ತೋರಿಸಬಲ್ಲವು. ಆದರೆ ಬಿರುಕಿಗೆ ಕಾರಣವಾದ ಪ್ರತಿಕಾಯಗಳು ಈ ಬೆಳಕಿಗೆ ಗೋಚರಿಸುವುದಿಲ್ಲ. ಅವನ್ನು ಕಾಣಲು, 1964ರಲ್ಲಿ ಬ್ಯೂಟ್ನರ್ ಮತ್ತು ಜಾರ್ಡನ್ ಎಂಬುವರು ಪೆಂಫಿಗಸ್ಸಿಗೆ ಅನ್ವಯಿಸಿದ ಪ್ರತಿದೀಪ್ತಿ ಪರೀಕ್ಷೆಯೂ ರಕ್ತಪರೀಕ್ಷೆಯೂ ಇಂದಿಗೂ ಅವಶ್ಯಕ. ಆದುದರಿಂದ ಈ ಹೊಸ ಕಣ್ಣುಗಳು ಕತ್ತಿಯ ಸ್ಥಾನವನ್ನು ಕಸಿಯಲಿಲ್ಲ. ಅದು ಕುರುಡಾಗಿ ಇಳಿಯದಂತೆ ಮಾಡಿದುವು.