ಭೂಗರ್ಭದ ಉಸಿರೂ ನಮ್ಮ ಎರೆಭೂಮಿಯೂ

ಘಟಪ್ರಭೆಯ ಬಯಲಿನಲ್ಲಿರುವ ಮಸಗುಪ್ಪಿಯ ಎರೆಹೊಲಗಳನ್ನು ಬೇಸಗೆಯಲ್ಲಿ ಕಂಡವರಿಗೆ ಅಲ್ಲಿಯ ನೆಲದ ಬಿರುಕುಗಳು ಹೊಸವಲ್ಲ. ಮಳೆ ಬಿದ್ದೊಡನೆ ಉಬ್ಬಿ ಕಾಲಿಗಂಟುವ ಈ ಕರಿಮಣ್ಣು ಒಂದು ಕಾಲಕ್ಕೆ ಕೆಂಡದಂಥ ಲಾವಾರಸವಾಗಿದ್ದಿತೆಂದರೆ ನಂಬುವುದು ಕಷ್ಟ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಭೂಫಲಕವು ಭೂಗರ್ಭದ ಒಂದು ಬಿಸಿತಾಣದ ಮೇಲೆ ಹಾಯುತ್ತಿದ್ದಾಗ, ನೆಲ ಸೀಳಿ ಲಾವಾರಸವು ಪದರಪದರವಾಗಿ ಹರಿಯಿತು. ಅದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ ಇಂದಿಗೂ ದಖ್ಖಣದ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ಹೊದಿಸಿದೆ. ಗೋಕಾಕ ಜಲಪಾತದ ಬಂಡೆ ಮಾತ್ರ ಇದಲ್ಲ. ಅದು ಲಾವಾರಸಕ್ಕಿಂತ ಬಹು ಪುರಾತನವಾದ ಮರಳುಗಲ್ಲು.

ಲಾವಾರಸದೊಡನೆ ಹೊರಬಂದುದು ಕಲ್ಲಷ್ಟೇ ಅಲ್ಲ. ಗೋಲಿಸೋಡಾದ ಗೋಲಿಯನ್ನು ಒತ್ತಿದಾಗ ಏನಾಗುತ್ತದೆಂಬುದನ್ನು ವಾಚಕರು ಬಲ್ಲರು. ಒತ್ತಡವಿರುವವರೆಗೆ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್, ಒತ್ತಡ ತಗ್ಗಿದೊಡನೆ ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ. ಆಳದ ಶಿಲಾರಸವೂ ಹೀಗೆಯೇ. ಮೇಲೇರಿದಂತೆಲ್ಲ ತನ್ನೊಳಗಿನ ಅನಿಲವನ್ನು ಬಿಟ್ಟುಕೊಡುತ್ತದೆ. ಭೂಫಲಕಗಳು ದೂರ ಸರಿಯುವ ಸಾಗರಮಧ್ಯದ ಏಣುಗಳಲ್ಲಿ ಇದು ಇಂದಿಗೂ ನಡೆದಿದೆ. ಜಾವಾ, ಸುಮಾತ್ರಗಳಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ಜಾರುವಾಗ, ತನ್ನೊಡನೆ ಒಯ್ದ ಸುಣ್ಣದ ಕೆಸರು ಕಾದು, ಅದರ ಇಂಗಾಲದಲ್ಲಿ ಒಂದು ಪಾಲು ಜ್ವಾಲಾಮುಖಿಯ ಬಾಯಿಂದ ಮರಳಿ ಬರುತ್ತದೆ. ಕೆಲವೆಡೆ ಬೆಂಕಿಯಿಲ್ಲದೆಯೂ ಅನಿಲ ಜಿನುಗುವುದುಂಟು. ಆಫ್ರಿಕದ ಕ್ಯಾಮರೂನಿನಲ್ಲಿ ನ್ಯೋಸ್ ಸರೋವರದ ತಳದಲ್ಲಿ ಹೀಗೆ ಕೂಡಿಬಿದ್ದಿದ್ದ ಅನಿಲ 1986ರ ಆಗಸ್ಟ್ 21ರ ರಾತ್ರಿ ಒಮ್ಮೆಲೇ ಉಕ್ಕಿ, ಸುಮಾರು 1,700 ಜನ ಉಸಿರುಕಟ್ಟಿ ಸತ್ತರು.

ಹಾಗಾದರೆ ಇಷ್ಟು ಯುಗಗಳಿಂದ ಹೊರಬಿದ್ದ ಅನಿಲವೆಲ್ಲ ವಾಯುಮಂಡಲದಲ್ಲಿ ಏಕೆ ತುಂಬಿಕೊಳ್ಳಲಿಲ್ಲ? ಉತ್ತರ ನಮ್ಮ ಕಾಲಡಿಯಲ್ಲೇ ಇದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲುವಾದ ಆಮ್ಲವಾಗುತ್ತದೆ. ಆ ಆಮ್ಲ ಬಸಾಲ್ಟಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸುತ್ತದೆ. ಉಳಿದ ಜೇಡಿಯೇ ಎರೆಮಣ್ಣು. ಕರಗಿದ್ದು ಬೈಕಾರ್ಬೊನೇಟಾಗಿ ಘಟಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರಿ, ಅಲ್ಲಿಯ ಜೀವಿಗಳ ಚಿಪ್ಪಾಗಿ ತಳಕ್ಕಿಳಿಯುತ್ತದೆ. ಬಸಾಲ್ಟ್ ಇತರ ಅನೇಕ ಶಿಲೆಗಳಿಗಿಂತ ಬೇಗ ಸವೆಯುವುದರಿಂದ, ಅನಿಲವನ್ನು ಉಗುಳಿದ ದಖ್ಖಣವೇ ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ಕೆಲಸವನ್ನೂ ಮಾಡುತ್ತ ಬಂದಿದೆ. ಆದರೆ ಇದು ಲಕ್ಷಾಂತರ ವರ್ಷಗಳ ಕೆಲಸ.

ಜ್ವಾಲಾಮುಖಿಗಳು ಬಿಡುವ ಅನಿಲದ ಮುಂದೆ ಮನುಷ್ಯನದು ಯಾವ ಲೆಕ್ಕ ಎನ್ನುವವರು ನಮ್ಮ ವಿದ್ಯಾರ್ಥಿಗಳಲ್ಲೂ ಇದ್ದಾರೆ. ಲೆಕ್ಕ ಹೀಗಿದೆ: ಭೂಮಿಯ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಸುಮಾರು 30 ಕೋಟಿ ಟನ್, ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿ ನಾವು ಬಿಡುವುದು 3,500 ಕೋಟಿ ಟನ್ನಿಗೂ ಮಿಕ್ಕು. ನೂರು ಪಟ್ಟಿಗೂ ಹೆಚ್ಚಿನ ಈ ಅಂತರವನ್ನು ಮಳೆಯೂ ಕಲ್ಲೂ ನಮ್ಮ ಆಯುಸ್ಸಿನೊಳಗೆ ಸರಿದೂಗಿಸಲಾರವು.

ಕಲ್ಲು ಹೀರಿದ ಅನಿಲವನ್ನು ಕಣ್ಣಾರೆ ಕಾಣಬೇಕೆನ್ನುವವರು ಎರೆಹೊಲದ ಬದುವಿನಲ್ಲಿ ಅಗೆದು, ಬಿಳಿಯ ಸುಣ್ಣದ ಹರಳೊಂದನ್ನು ಆಯ್ದು ತಂದು, ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಅದರ ಮೇಲೆ ನಾಲ್ಕು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡಲಿ. ಬುಸ್ಸೆಂದು ನೊರೆ ಏಳುತ್ತದೆ. ಬಂದ ಅನಿಲವನ್ನು ಸುಣ್ಣದ ತಿಳಿನೀರಿನೊಳಗೆ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುವುದು.