ಕಾಲುವೆಯ ಈಜು ಕಡಲಿಗೆ ಸಾಕೇ?

ಪ್ರಶ್ನೆ: ಸಿಂಧನೂರಿನಿಂದ ಒಂದೇ ದಿನದಲ್ಲಿ ಕಡಲು ನೋಡಿ ಬರಬಹುದೇ? ಕಾಲುವೆಯಲ್ಲಿ ಈಜು ಕಲಿತ ಮಕ್ಕಳನ್ನು ಸಮುದ್ರಕ್ಕೆ ಬಿಡಬಹುದೇ?

ಉತ್ತರ: ಹೋಗಿಬರುವುದಕ್ಕೇ ದಿನ ಮುಗಿಯುತ್ತದೆ. ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ, 300 ಕಿ.ಮೀ.ಗೂ ಹೆಚ್ಚು. ಲಿಂಗಸುಗೂರು, ಮಸ್ಕಿಯವರಿಗೂ ಹೆಚ್ಚುಕಡಿಮೆ ಅಷ್ಟೇ. ಭತ್ತದ ಕೊಯ್ಲು ಮುಗಿಸಿ, ಒಂದು ರಾತ್ರಿ ಅಲ್ಲೇ ತಂಗುವ ಲೆಕ್ಕದಲ್ಲಿ ಹೊರಡಿ. ನಿದ್ದೆಗಣ್ಣಲ್ಲಿ ಘಟ್ಟ ಇಳಿಯುವ ಸಾಹಸ ಬೇಡ.

ಎರಡನೆಯ ಪ್ರಶ್ನೆಯೇ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಎರಡೂ ಕಡೆ ದಡವಿದೆ. ಕಡಲಲ್ಲಿ ದಂಡೆಗೆ ಬಡಿದ ಅಲೆಯ ನೀರು ಕಿರಿದಾದ ದಾರಿ ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಇದೇ ರಿಪ್ ಕರೆಂಟ್. ಅಕ್ಕಪಕ್ಕ ಅಲೆಗಳು ಬಿಳಿ ನೊರೆಯಾಗಿ ಒಡೆಯುವಾಗ ಆ ದಾರಿಯಲ್ಲಿ ಮಾತ್ರ ನೀರು ಕಪ್ಪಗೆ, ಶಾಂತವಾಗಿ ಕಾಣುವುದುಂಟು. ಹೊಸಬರು ಮೋಸಹೋಗುವುದು ಅಲ್ಲಿಯೇ. ಸಿಕ್ಕಿಕೊಂಡರೆ ನೇರ ದಡದ ಕಡೆಗೆ ಈಜಬಾರದು. ಎಂಥ ಈಜುಗಾರನೂ ದಣಿಯುತ್ತಾನೆ. ಮೊದಲು ತೇಲಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು.

ಮಕ್ಕಳ ಜೊತೆ ಹೋಗುವವರಿಗೆ ನಾನು ಹೇಳುವುದು ಹೊನ್ನಾವರದ ಕಾಸರಕೋಡು. ಸ್ವಚ್ಛತೆ, ಸುರಕ್ಷತೆಗೆ ಸಿಗುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕಡಲತೀರವದು. ಅಲ್ಲೂ ಮೊದಲು ಜೀವರಕ್ಷಕರನ್ನು ಕೇಳಿ, ಮೊಣಕಾಲುದ್ದ ನೀರಲ್ಲೇ ಕೈಹಿಡಿದು ಆಡಿಸಿ.