ಹಳೇ ಮೇಲ್‌ಗಳು ನಿಜಕ್ಕೂ ನಿಮ್ಮ ಹತ್ರ ಇದಾವಾ?

ಇವತ್ತಿನ ಮಾತು ನಿಮ್ಮ ಇನ್‌ಬಾಕ್ಸ್ ಬಗ್ಗೆ. ಅದಕ್ಕೂ ಮೊದಲು ನಮ್ಮ ಮನೆಯದ್ದೇ ಒಂದು ಕತೆ.

2007ರಲ್ಲಿ ನಮ್ಮ ಮಾಮ ಕೆಲಸಕ್ಕೆ ಅಂತ ಮಸ್ಕತ್‌ಗೆ ಹೋದ್ರು. ಫೋನ್ ಕಾಲ್ ದುಬಾರಿ, ಹಾಗಾಗಿ ವಾರಕ್ಕೊಂದು ಮೇಲ್. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ನಾನು ದಾವಣಗೆರೆಯ ಸೈಬರ್ ಕೆಫೆಯಲ್ಲಿ ಓದ್ಕೊಂಡು ಬಂದು ಅಜ್ಜಿಗೆ ಹೇಳ್ತಿದ್ದೆ. ಆಮೇಲೆ ವಾಟ್ಸ್‌ಆ್ಯಪ್ ಬಂತು, ಆ ಐಡಿ ಮರೆತೇ ಹೋಯ್ತು. ಹೋದ ವರ್ಷ ಮಾಮ ತೀರಿಕೊಂಡಾಗ ಲಾಗಿನ್ ಮಾಡಿ ನೋಡಿದೆ. ಇನ್‌ಬಾಕ್ಸ್ ಖಾಲಿ. ಬಹಳ ಕಾಲ ಬಳಸದ ಖಾತೆ ಅಂತ ಕಂಪನಿ ಎಲ್ಲವನ್ನೂ ಅಳಿಸಿತ್ತು. ಜಗಳ ಆಡೋ ಹಾಗೂ ಇಲ್ಲ, ಷರತ್ತು ಓದದೆ 'ಒಪ್ಪಿದ್ದೇನೆ' ಅಂತ ಒತ್ತಿದ್ದು ನಾನೇ. ಉಳಿದದ್ದು ಅಜ್ಜಿ ಟ್ರಂಕಿನಲ್ಲಿ ಎತ್ತಿಟ್ಟಿದ್ದ ಮೂರು ಪ್ರಿಂಟ್‌ಔಟ್ ಮಾತ್ರ.

ಇದು ಹಳೇ ಕಾಲದ ಮಾತು ಅನ್ಕೋಬೇಡಿ. ಜಿಮೇಲ್‌ನ್ನೇ ತಗೊಳ್ಳಿ. 2023ರಲ್ಲಿ ಗೂಗಲ್ ನಿಯಮ ಬದಲಿಸಿತು: ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನ ಅದು ಅಳಿಸಬಹುದು. ಇನ್ನು ಉಚಿತವಾಗಿ ಸಿಗೋ 15 ಜಿಬಿ ಜಾಗ ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಮದುವೆ ವಿಡಿಯೊಗಳಿಂದ ಅದು ತುಂಬಿದ್ರೆ ಹೊಸ ಮೇಲ್ ಬರೋದೇ ನಿಲ್ಲುತ್ತೆ.

"ಫೋನ್‌ನಲ್ಲೂ ಇದೆಯಲ್ಲ?" ಅಂತೀರಿ. ಇಲ್ಲ. ಫೋನ್ ತೋರಿಸೋದು ಸರ್ವರ್‌ನಲ್ಲಿ ಇರೋದನ್ನ. ಅಲ್ಲಿ ಅಳಿಸಿದ್ರೆ ಇಲ್ಲೂ ಮಾಯ. ಅದು ಸಿಂಕ್, ಬ್ಯಾಕಪ್ ಅಲ್ಲ. 2011ರ ಫೆಬ್ರುವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವು ಜಿಮೇಲ್ ಬಳಕೆದಾರರ ಮೇಲ್‌ಗಳು ಕಾಣೆಯಾದ್ವು. ಆಗ ಗೂಗಲ್ ಅವನ್ನ ವಾಪಸ್ ತಂದಿದ್ದು ಟೇಪ್‌ಗಳಿಂದ! ನೆಟ್‌ಗೆ ಅಂಟಿಕೊಳ್ಳದೆ ಬೇರೆ ಕಡೆ ಇಟ್ಟಿದ್ದ ಪ್ರತಿ ಅದು. ಅಂದ್ರೆ ನಮ್ಮಜ್ಜಿಯ ಟ್ರಂಕ್ ಥರ.

ಹಾಗಾದ್ರೆ ಏನ್ ಮಾಡೋದು? ಬ್ರೌಸರ್‌ನಲ್ಲಿ ಗೂಗಲ್ ಟೇಕ್‌ಔಟ್ ತೆರೀರಿ. ಮೊದಲು ಎಲ್ಲ ಟಿಕ್ ತೆಗೆದು, ಮೇಲ್ ಒಂದನ್ನೇ ಆರಿಸಿ, ಎಕ್ಸ್‌ಪೋರ್ಟ್ ಕೊಡಿ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ಡೌನ್‌ಲೋಡ್ ಲಿಂಕ್ ಬರುತ್ತೆ. ಸುಮಾರು ಒಂದು ವಾರದಲ್ಲಿ ಲಿಂಕ್ ಕೆಲಸ ನಿಲ್ಲಿಸುತ್ತೆ, ಮರೀಬೇಡಿ. ಸಿಗೋದು 'ಎಂಬಾಕ್ಸ್' ಅನ್ನೋ ಫೈಲ್. ಫೋನ್‌ನಲ್ಲಿ ಓದೋದು ಕಷ್ಟ. ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅನ್ನೋ ಉಚಿತ ತಂತ್ರಾಂಶ ಇದ್ರೆ ಅದಕ್ಕೆ ಸೇರಿಸ್ಕೊಂಡು ಓದಬಹುದು.

ಎರಡು ಪ್ರತಿ ಮಾಡಿ: ಒಂದು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಮನೆಯಲ್ಲಿ. ಅದರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಇರುತ್ತೆ, ಪಾಸ್‌ವರ್ಡ್ ಹಾಕಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಪ್ರತಿ ತಗೊಳ್ಳಿ. ಹಾಗೇ ರಿಕವರಿ ನಂಬರ್ ಚೆಕ್ ಮಾಡಿ. ನೀವು ಬಿಟ್ಟ ಹಳೇ ಸಿಮ್ ನಂಬರ್ ಇವತ್ತು ಬೇರೆ ಯಾರದ್ದೋ ಆಗಿರಬಹುದು.

ಮಾಮನ ಆ ಮೂರು ಪ್ರಿಂಟ್‌ಔಟ್‌ಗಳನ್ನ ನಾನು ಸ್ಕ್ಯಾನ್ ಮಾಡಿಟ್ಟಿದ್ದೀನಿ. ಒಂದರಲ್ಲಿ 'ಅವ್ವನ ಕಾಲು ನೋವು ಹೇಗಿದೆ' ಅಂತಿದೆ. ಉಳಿದ ವಾರಗಳಲ್ಲಿ ಏನು ಬರೆದಿದ್ರೋ, ಈಗ ಓದೋಕೆ ಆಗಲ್ಲ. ನಿಮ್ಮದು ಇನ್ನೂ ಇದೆ ಅಂದ್ರೆ ಈ ಭಾನುವಾರ ಒಂದರ್ಧ ಗಂಟೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.